ನದಿಗೆ ಬಿದ್ದ ಪಿಯಾನೊ

ಬಾಗಿಲು ಹಾಕಿದ ರಭಸಕ್ಕೆ ಇಡೀ ಗೋಡೆಯೇ ಬಟ್ಟೆಯಂತೆ ಅಲುಗಾಡಿತು. ಸಿನಿಮಾದ ಗೋಡೆ. ಕಾಸಿಗೆ ಕಾಸು ಕೂಡಿಸಿ ತೆಗೆದ ಯಾವುದೋ ಹಳೆಯ ಬ್ರಿಟಿಷ್ ಹಾಸ್ಯಚಿತ್ರ. ಆಗಷ್ಟೇ ಪೊಲೀಸನಾಗಿದ್ದವನು ಈಗ ಮೀಸೆ ಅಂಟಿಸಿಕೊಂಡು ಪಾದ್ರಿಯಾಗಿ ಬಂದಿದ್ದ. ಮುದುಕ ಇದೊಂದನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣೆಲ್ಲ ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ಮುಖದ ಮೇಲೆ.

ಲಕ್ವ ಹೊಡೆದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಮಾತು ಎಲ್ಲೋ ಸಿಕ್ಕಿಕೊಂಡಿದೆ, ಹಳೆಯದೇನಾದರೂ ತೋರಿಸುತ್ತಿರಿ ಎಂದಿದ್ದರು ಡಾಕ್ಟರು. ಅಪ್ಪ ಪ್ರೊಜೆಕ್ಟರ್ ಆಪರೇಟರಾಗಿದ್ದ, ಅಮ್ಮ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಟಾಕೀಸಿನಲ್ಲಿ ಓಡಿದ್ದ ಈ ಚಿತ್ರವನ್ನು ಮಗಳು ಎಲ್ಲೆಲ್ಲೋ ಜಾಲಾಡಿ ಕಂಪ್ಯೂಟರಿಗೆ ಇಳಿಸಿದ್ದಳು. ಸಿಕ್ಕಿದ್ದು ಮೂರು ತುಂಡುಗಳಲ್ಲಿ. ಒಂದು ಮುಗಿದ ಮೇಲೆ ಇನ್ನೊಂದನ್ನು ಒತ್ತುವುದನ್ನು ಅಪ್ಪನಿಗೆ ಹೇಳಿಕೊಟ್ಟು ಅಡುಗೆಮನೆಗೆ ಹೋಗಿದ್ದಳು.

ಮೊದಲ ತುಂಡು ಮುಗಿಯಿತು. ಅವಳ ಮುಖದಲ್ಲಿ ಒಂದು ಗೆರೆಯೂ ಮಿಸುಕಲಿಲ್ಲ. ಮುದುಕ ಗಡಿಬಿಡಿಯಲ್ಲಿ ಮುಂದಿನದನ್ನು ಒತ್ತಿ ಮತ್ತೆ ಅವಳನ್ನೇ ನೋಡುತ್ತ ಕೂತ. ಇಬ್ಬರು ಕಳ್ಳರು ಕದ್ದ ಪಿಯಾನೊ ಸೇತುವೆಯಿಂದ ಜಾರಿ ನದಿಗೆ ಬಿದ್ದು, ಚಿತ್ರವೇ ಮುಗಿದಾಗ ಅವನಿಗೆ ಹೊಳೆಯಿತು. ಎರಡನೆಯದನ್ನು ಬಿಟ್ಟು ಮೂರನೆಯದನ್ನು ಒತ್ತಿದ್ದ.

ಇದನ್ನು ವಯಸ್ಸಿನ ಮರೆವೆಂದು ತಳ್ಳಿಹಾಕುವಂತಿರಲಿಲ್ಲ. ಮೀಸೆ ಕಪ್ಪಗಿದ್ದ ಕಾಲದಲ್ಲೇ ಒಂದು ಸಂಜೆಯ ಆಟಕ್ಕೆ ಇದೇ ಚಿತ್ರದ ರೀಲುಗಳನ್ನು ಹೀಗೇ ಹಿಂದುಮುಂದು ಹಾಕಿದ್ದ ಮಹಾನುಭಾವ. ಭಾಷೆ ಬಾರದ ಜನ ಇಂಗ್ಲಿಷಿನವರ ತಮಾಷೆಯೇ ಹೀಗೆಂದುಕೊಂಡು ಚಪ್ಪಾಳೆ ತಟ್ಟಿ ಹೋಗಿದ್ದರು. ಮಾಲೀಕರಿಗೆ ತಿಳಿಯಲಿಲ್ಲ. ಆಗ ಗೇಟಿನಲ್ಲಿದ್ದು ಆಮೇಲೆ ಕೈಹಿಡಿದ ಹೆಂಡತಿಯ ಮುಂದೆಯೂ ಅವನು ಬಾಯಿಬಿಡಲಿಲ್ಲ. ಆಪರೇಟರೆಂಬ ಜಂಬ ಬಿಡಬೇಕಲ್ಲ.

ಈಗಲೂ ಸದ್ದಿಲ್ಲದೆ ಎರಡನೆಯದನ್ನು ಒತ್ತಿದ. ಆಗಲೇ ಮುಳುಗಿಹೋಗಿದ್ದ ಪಿಯಾನೊವನ್ನು ಕಳ್ಳರು, ಒಂದು ಗೀರೂ ಬೀಳಬಾರದೆಂದು ಕಂಬಳಿ ಸುತ್ತಿ, ಮೆಟ್ಟಿಲಿಂದ ಇಳಿಸತೊಡಗಿದರು.

"ಆವತ್ತೂ... ಹೀಗೇ... ಹಾಕಿದ್ರಿ."

ನಾಲಿಗೆ ತೊದಲುತ್ತಿತ್ತು, ದನಿ ಮಾತ್ರ ಅವಳದೇ. ಮಾತು ಬಂತಲ್ಲ ಎಂಬ ಸಂತೋಷ, ಇಷ್ಟು ವರ್ಷ ಇವಳಿಗೆ ಗೊತ್ತಿತ್ತಲ್ಲ ಎಂಬ ನಾಚಿಕೆ, ಎರಡೂ ಮುದುಕನಿಗೆ ಒಟ್ಟಿಗೇ ನುಗ್ಗಿ ಬಂದವು.

"ನಿಂಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

ಮಗಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಯಾರು ಮಾತಾಡಿದ್ದೆಂದು ಕೇಳಿದಳು. ಅವನು ಹೆಂಡತಿಯ ಕಡೆ ಕೈ ತೋರಿಸಿದ. ಅವಳು ಪರದೆಯನ್ನೇ ನೋಡುತ್ತಿದ್ದಳು. ಬಾಯಿಯ ಒಂದು ಬದಿ, ಸ್ವಾಧೀನದಲ್ಲಿದ್ದ ಬದಿ, ನಗುತ್ತಿತ್ತು.