ಸೀಸ ಸೊಂಟಕ್ಕೋ, ಕಿಸೆಗೋ

ನೀರಿನಲ್ಲಿ ಮುಳುಗಬಯಸುವ ಮನುಷ್ಯನು ಸೀಸದ ತುಂಡುಗಳನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕೋ, ಜಾಕೆಟ್ಟಿನ ಕಿಸೆಗಳಲ್ಲಿ ತುಂಬಿಕೊಳ್ಳಬೇಕೋ ಎಂಬುದು ಆ ವರ್ಷ ತೆಲುಗರ ರಾಜಧಾನಿಯಲ್ಲಿನ ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನ ಮುಂದಿದ್ದ ಅತ್ಯಂತ ಗಹನವಾದ ಪ್ರಶ್ನೆ. ಪ್ರತ್ಯೇಕ ರಾಜ್ಯ ಆಗಬೇಕೋ ಬೇಡವೋ ಎಂಬುದನ್ನು ಸಹ ಅಲ್ಲಿನ ಜನ ಅಷ್ಟು ಹುಬ್ಬು ಗಂಟಿಕ್ಕಿ ಚರ್ಚಿಸಲಿಲ್ಲ.

ಪ್ರಶ್ನೆ ಹುಟ್ಟಿದ್ದು ಶಿವಾನಂದರ ಮನೆಯಲ್ಲಿ. ಅವರು ವಿಜಾಪುರದ ಕಡೆಯವರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮಗಳು ನಿರೀಕ್ಷಾ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು. ಮಣಿಕೊಂಡದ ಸುತ್ತ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಆ ಕಾಲದಲ್ಲಿ ಕಂಪನಿಗಳು ನೌಕರರನ್ನಷ್ಟೇ ಅಲ್ಲ, ಅವರ ತಂದೆತಾಯಿಯರನ್ನೂ ವಿಹಾರಕ್ಕೆ ಕರೆದೊಯ್ಯುತ್ತಿದ್ದವು. ಈ ಸಲ ನೇತ್ರಾಣಿ ದ್ವೀಪ. ಸಮುದ್ರದೊಳಗೆ ಇಳಿದು ಮೀನು ನೋಡುವುದು. ಮೊದಲು ಮಣಿಕೊಂಡದ ಈಜುಕೊಳದಲ್ಲಿ ತರಬೇತಿ. ಕೊನೆಯ ಭಾನುವಾರ ತಳಕ್ಕಿಳಿದು ಸಮಾಧಾನದಿಂದ ಕೂತು ತೋರಿಸಬೇಕು. ಆಗದವರು ದೋಣಿಯಲ್ಲಿದ್ದು ಉಳಿದವರ ಚೀಲ ಕಾಯಬಹುದು.

ಈ ಕೊನೆಯ ಮಾತು ಶಿವಾನಂದರ ಹೆಂಡತಿ ವಿಶಾಲಾಕ್ಷಿಗೆ ತಾಗಿತು. ಪುರಿಯಲ್ಲಿ ಅವರು ಸಮುದ್ರ ನೋಡಿದ್ದು ಮನೆಯವರ ಚಪ್ಪಲಿಗಳ ಸಾಲಿನ ಹಿಂದಿನಿಂದ. ಗೋವೆಯಲ್ಲಿ ಎಲ್ಲರ ಗಡಿಯಾರ, ಕನ್ನಡಕಗಳು ಸಂಜೆಯ ತನಕ ಅವರ ಮಡಿಲಲ್ಲಿದ್ದವು.

“ಈ ಸಲ ನಾನೂ ನೀರಿಗೆ ಇಳಿಯಾಕಿನ,” ಎಂದರು. “ಚೀಲ ಬೇಕಾದ್ರ ಚೀಲಾನ ಕಾಯಲಿ.”

ತೊಂದರೆ ಏನೆಂದರೆ ಅವರು ಮುಳುಗುತ್ತಿರಲಿಲ್ಲ. ರಬ್ಬರಿನ ಅಂಗಿ ತೊಟ್ಟಾಗ ಯಾರಾದರೂ ಸ್ವಲ್ಪ ತೇಲುವುದು ಸಹಜ, ಅದಕ್ಕೇ ಸೀಸ. ವಿಶಾಲಾಕ್ಷಿ ಮಾತ್ರ ಎಷ್ಟು ಸೀಸ ಹೇರಿದರೂ ಖಾಲಿ ಬಾಟಲಿಯ ಹಾಗೆ ತೇಲಿದರು. ಶಿವಾನಂದರು ಸಮಸ್ಯೆಯನ್ನು ಕೈಗೆತ್ತಿಕೊಂಡರು.

“ಬೆಲ್ಟೇ ಛಲೋ. ಏನರ ಆತಂದ್ರ ಒಂದ ಕೈಲೆ ಬಕ್ಕಲ್ ಎಳದ್ರ ಸೀಸ ಕೆಳಗ, ನೀ ಮ್ಯಾಲ.”

“ಬೆಲ್ಟಿಗೆ ಸೊಂಟದ ಅಳತಿ ತಗೋತಾರ. ಆ ಕೊಳದ ಮಾಸ್ತರು ಟೇಪ್ ಹಿಡದು ಎಲ್ಲಾರ ಮುಂದ ಒದರತಾರ. ನನಗ ಕಿಸೆ ಇರೂ ಜಾಕೆಟ್ಟ ಬೇಕು.”

“ಜಾಕೆಟ್ಟಿಗೆ ಅದರದ ಕೆಲಸ ಐತಿ. ಗಾಳಿ ತುಂಬಿದ್ರ ಏರಸ್ತೈತಿ, ಬಿಟ್ರ ಇಳಸ್ತೈತಿ. ಮತ್ತ ಸೀಸಾನೂ ಅದಕ್ಕ ಹೊರಸಿದ್ರ ಒಬ್ಬನ ಮ್ಯಾಲ ಎರಡು ಡ್ಯೂಟಿ. ನಮ್ಮ ಆಫೀಸಿನ್ಯಾಗ ಹಂಗ ಮಾಡಿದ್ರ ಒಂದೂ ಕೆಲಸ ಆಗೂದಿಲ್ಲ.”

“ನಿಮ್ಮ ಆಫೀಸಿನ್ಯಾಗ ಹಂಗ ಮಾಡದಿದ್ರೂ ಆಗೂದಿಲ್ಲ.”

ಶಿವಾನಂದರು ಬೇಗಂ ಬಜಾರಿಗೆ ಹೋಗಿ ಕಿರಾಣಿ ಅಂಗಡಿಯ ಹಳೆಯ ತೂಕದ ಕಲ್ಲುಗಳನ್ನೂ ಒಂದು ಕುಂಬಳಕಾಯಿಯನ್ನೂ ತಂದರು. ಬಾಲ್ಕನಿಯ ಡ್ರಮ್ಮಿನಲ್ಲಿ ಕುಂಬಳಕಾಯಿಗೆ ಕಲ್ಲು ಕಟ್ಟಿ ಮುಳುಗಿಸುವ ಪ್ರಯೋಗ ನಡೆಯಿತು. ನೆರೆಹೊರೆಯವರು ಬಂದು ನೋಡಿ, ಎರಡು ಪಕ್ಷಗಳಾಗಿ ಒಡೆದು, ಚಹಾ ಕುಡಿದು ಹೋದರು.

“ಆ ಕುಂಬಳಕಾಯಿ ನಾನೇನ್ರಿ?” ಎಂದು ವಿಶಾಲಾಕ್ಷಿ ಕೇಳಿದರು.

“ಮಾಡೆಲ್ ಅದು.”

“ಇದಕ್ಕಿಂತ ಸಣ್ಣದು ಸಿಗಲಿಲ್ಲೇನು?”

ಭಾನುವಾರ ಬಂತು. ತರಬೇತುದಾರ ಸೂರ್ಯನಾರಾಯಣ ನೌಕಾಪಡೆಯಿಂದ ನಿವೃತ್ತರಾದವರು. ಕಾರವಾರದಲ್ಲಿ ಕೆಲಸ ಮಾಡಿದ್ದರಿಂದ ಅವರಿಗೆ ಸುಮಾರಾಗಿ ಕನ್ನಡ ಬರುತ್ತಿತ್ತು. ಶಿವಾನಂದರು ಬೆಲ್ಟಿನ ಮಹಿಮೆ ತೋರಿಸಲು ತಾವೇ ಮೊದಲು ಇಳಿದರು. ಅವರದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ದೇಹ. ಬೆಲ್ಟು ಸೊಂಟ ದಾಟಿ, ಮೊಣಕಾಲು ದಾಟಿ, ಬಕ್ಕಲ್ ಬಿಚ್ಚದೆಯೇ ತಳ ಸೇರಿತು. ಶಿವಾನಂದರು ಮೇಲೆ ಬಂದರು.

“ಸಾರ್, ನಿಮಗೆ ಕಮರ್, ಅದೇ ಸೊಂಟ, ಇಲ್ಲ,” ಎಂದರು ಸೂರ್ಯನಾರಾಯಣ. “ಕಿಸೆ ಜಾಕೆಟ್ ತಗೊಳ್ಳಿ.”

“ಬೆಲ್ಟಿನ್ಯಾಗ ದೋಷ ಇಲ್ರಿ,” ಎಂದರು ಶಿವಾನಂದರು.

ನಂತರ ವಿಶಾಲಾಕ್ಷಿ. ಮನೆಯ ಶಾಂತಿಗಾಗಿ ಕಿಸೆ ತುಂಬ ಸೀಸ, ಮೇಲೆ ಒಂದು ಬೆಲ್ಟು. ಮೂಗಿನವರೆಗೆ ನೀರು, ಬಾಯಲ್ಲಿ ಗಾಳಿಯ ಕೊಳವೆ. ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟರೂ ತೇಲುತ್ತಲೇ ಇದ್ದರು. ಸೂರ್ಯನಾರಾಯಣ ತಲೆ ಅಲ್ಲಾಡಿಸಿ ದೋಣಿಯ ಮಾತೆತ್ತಿದರು. ವಿಶಾಲಾಕ್ಷಿಯ ಕಣ್ಣು ಕನ್ನಡಕದೊಳಗೆ ತುಂಬಿಬಂತು. ದಂಡೆಯ ಮೇಲೆ ನೀರು ಸುರಿಸುತ್ತ ನಿಂತ ಶಿವಾನಂದರು, ವಸ್ತುವೊಂದು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ ಎಂಬಲ್ಲಿಂದ ವಿವರಣೆ ಶುರುಮಾಡಿದರು.

ಮೂವತ್ತು ವರ್ಷಗಳ ಸಂಸಾರದಲ್ಲಿ ಇಂಥ ವಿವರಣೆಗಳಿಗೆ ವಿಶಾಲಾಕ್ಷಿ ಕೊಡುತ್ತಿದ್ದ ಉತ್ತರ ಒಂದೇ, ಉದ್ದನೆಯ ನಿಟ್ಟುಸಿರು. ಅದನ್ನೇ ಕೊಟ್ಟರು. ಗುಳ್ಳೆಗಳು ಬಂದವು. ಅವರು ಮುಳುಗಿಹೋದರು.

ಸೂರ್ಯನಾರಾಯಣ ಹಿಂದೆಯೇ ಧುಮುಕಿ ಮೇಲೆ ತಂದರು. “ಈಗ ಏನ್ ಮಾಡಿದ್ರಿ ಅಮ್ಮಾ?”

“ಏನೂ ಇಲ್ರಿ. ಇವರ ಮಾತು ಕೇಳಿದೆ. ಉಸಿರು ಬಿಟ್ಟೆ.”

“ಇಷ್ಟು ದಿನ ಬಿಡ್ತಿರಲಿಲ್ವಾ?”

“ಹೆಂಗ ಬಿಡ್ಲಿ? ಪಾರ್ಕಿನ ಪ್ರಾಣಾಯಾಮದ ಕ್ಲಾಸಿನ್ಯಾಗ ಎದಿ ತುಂಬ ತಗೊಂಡು ಹಿಡಕೋರಿ ಅಂತಾರ. ಹಿಡಕೊಳ್ಳೂದ್ರಾಗ ಕ್ಲಾಸಿಗೇ ನಾ ಫಸ್ಟ್.”

ಸೂರ್ಯನಾರಾಯಣ ಹಣೆಗೆ ಕೈ ಹಚ್ಚಿದರು. ನೀರೊಳಗೆ ಎಲ್ಲ ಮಾಡಬಹುದು, ಉಸಿರು ಹಿಡಿಯುವುದೊಂದನ್ನು ಬಿಟ್ಟು; ಹಿಡಿದುಕೊಂಡೇ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ ಎಂದು ಬಿಡಿಸಿ ಹೇಳಿದರು. “ಗಾಲಿ ವದಲಂಡಿ ಅಮ್ಮಾ, ಗಾಳಿ ಬಿಡಿ. ತಗೊಳ್ಳಿ, ಬಿಡಿ. ತಗೊಳ್ಳಿ, ಬಿಡಿ.” ಹೇಳುತ್ತಲೇ ಸೀಸದ ತುಂಡುಗಳನ್ನು ಒಂದೊಂದಾಗಿ ತೆಗೆದು ಶಿವಾನಂದರ ಕೈಗೆ ಕೊಟ್ಟರು. ಅವರ ಕೈ ತುಂಬಿತು. ಉಳಿದದ್ದು ಅರ್ಧಕ್ಕೂ ಕಡಿಮೆ.

“ಇಷ್ಟಕ್ಕೆ ಬೆಲ್ಟಾದರೂ ಸರಿ, ಕಿಸೆಯಾದರೂ ಸರಿ.”

“ಹಂಗಾರ ಬೆಲ್ಟೇ ಇರಲಿ. ಮದವಿಯಾಗ ಇದಕ್ಕಿಂತ ಭಾರದ ಡಾಬು ಕಟ್ಟಿದ್ರು, ಸೊಂಟಕ್ಕ ರೂಢಿ ಐತಿ,” ಎಂದರು ವಿಶಾಲಾಕ್ಷಿ. “ಅಳತಿ ಮಾತ್ರ ಸಣ್ಣ ದನಿಲೆ ಹೇಳ್ರಿ.”

ಶಿವಾನಂದರಿಗೆ ಗೆದ್ದ ಸಂತೋಷ. ಆದರೆ ಗೆದ್ದ ಪಕ್ಷವನ್ನು ಬಿಡುವುದು ಹೇಗೆ? “ಹೆಂಡತಿಗೆ ಬೆಲ್ಟು, ನನಗ ಕಿಸೆ? ಆಗೂದಿಲ್ಲ,” ಎಂದು ಜಾರಿಬಿದ್ದಿದ್ದ ತಮ್ಮ ಬೆಲ್ಟನ್ನೇ ಬಿಗಿದು ಮತ್ತೆ ಇಳಿದರು.

ವಿಶಾಲಾಕ್ಷಿ ಆಗ ಕೊಳದ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಸಿರು ತೆಗೆದುಕೊಳ್ಳುತ್ತ, ಬಿಡುತ್ತ ಇದ್ದರು. ಮೇಲಿನಿಂದ ಬೆಲ್ಟೊಂದು ಇಳಿದು ಬಂದು ಪಕ್ಕದಲ್ಲಿ ಬಿತ್ತು. ಎತ್ತಿ ಮಡಿಲಲ್ಲಿಟ್ಟುಕೊಳ್ಳಲು ಅವರ ಕೈ ತಾನಾಗಿಯೇ ಮುಂದೆ ಹೋಯಿತು. ನಡುದಾರಿಯಲ್ಲಿ ನಿಂತಿತು. ಬೆಲ್ಟನ್ನು ಅಲ್ಲೇ ಬಿಟ್ಟರು.

ಮುಂದಿನ ತಿಂಗಳು ನೇತ್ರಾಣಿಯಲ್ಲಿ ವಿಶಾಲಾಕ್ಷಿ ಸಮುದ್ರಕ್ಕಿಳಿದರು. ದೋಣಿಯಲ್ಲಿ ಚೀಲಗಳನ್ನು ಶಿವಾನಂದರು ಕಾದರು.