ಕಾಣದ ರಫು

ಊರಿನವರ ಹರಿದ ಬಟ್ಟೆಗೆಲ್ಲ ರಫು ಮಾಡಿಕೊಡುವ ಅಜ್ಜಿ ತನ್ನ ಒಳ್ಳೆಯ ಶಾಲಿನ ನಟ್ಟನಡುವೆ ಕತ್ತರಿ ಹಾಕಿದಾಗ ರಫು ಕಲಿಯುತ್ತಿದ್ದ ಮೊಮ್ಮಗಳು ಕೈಲಿದ್ದ ಚಿಂದಿ ಬಿಟ್ಟು ಕೂಗಿದಳು.

"ಅಜ್ಜೀ! ಹಳೇ ಚಿಂದಿ ಮೇಲೇ ಕಲೀತಿದ್ನಲ್ಲ!"

"ಚಿಂದಿ ಕೆಟ್ರೆ ಯಾರಿಗೇನು? ಸ್ವಲ್ಪ ಭಯ ಇದ್ರೇನೇ ಕೈ ನೆಟ್ಟಗಿರೋದು. ಹಿಡಿ ಸೂಜಿ. ರಫು ಮಾಡಿದ್ಮೇಲೆ ಯಾರಿಗೂ ಗೊತ್ತಾಗಬಾರದು."

ಶಾಲಿನ ಅಂಚಿನಿಂದಲೇ ನೂಲು ತೆಗೆದು, ಎಳೆಯ ಮೇಲೊಮ್ಮೆ ಕೆಳಗೊಮ್ಮೆ ಮೊಮ್ಮಗಳು ಸೂಜಿ ಹಾಯಿಸಿದಳು. ಬಿಗಿಯಾಗಿ ಎಳೆದಾಗ ಬಟ್ಟೆ ಸುಕ್ಕುಗಟ್ಟಿತು. ಅಜ್ಜಿ ಮುಲಾಜಿಲ್ಲದೆ ಬಿಚ್ಚಿಸಿದಳು.

"ಸೇರಿಸೋದು ಅಂದ್ರೆ ಜಗ್ಗೋದಲ್ಲ ಕಣೇ. ಮನುಷ್ಯರಿಗೂ ಅಷ್ಟೇ."

ಕೊನೆಗೊಂದು ದಿನ ಅಜ್ಜಿ ಕನ್ನಡಕ ಒರೆಸಿ ಒರೆಸಿ ಹುಡುಕಿದರೂ ತೂತು ಸಿಗಲಿಲ್ಲ. "ಹೂಂ" ಎಂದಷ್ಟೇ ಹೇಳಿ, ಶಾಲು ಹೊದ್ದು ಬೀದಿಗಿಳಿದಳು. ಹಾಲಿನವನನ್ನು ತಡೆದು ನಿಲ್ಲಿಸಿದಳು, ದರ್ಜಿಯ ಅಂಗಡಿಗೇ ನುಗ್ಗಿದಳು.

"ಇದರಲ್ಲೊಂದು ತೂತಿತ್ತು, ನನ್ನ ಮೊಮ್ಮಗಳು ರಫು ಮಾಡಿದ್ದಾಳೆ. ತಾಕತ್ತಿದ್ರೆ ಹುಡುಕಿ!"

ಹಿಂದೆಯೇ ಓಡಿಬಂದ ಮೊಮ್ಮಗಳು ನಾಚಿ ನೀರಾದಳು. "ಯಾರಿಗೂ ಗೊತ್ತಾಗಬಾರದು ಅಂದಿದ್ದು ನೀನೇ ಅಲ್ವಾ ಅಜ್ಜಿ?"

"ತೂತು ಗೊತ್ತಾಗಬಾರದು ಅಂದೆ. ಮೊಮ್ಮಗಳು ಗೊತ್ತಾಗಬಾರದು ಅಂದ್ನಾ?"