ಮೊದಲೇ ಕಂಡ ಹಾಡು

ಕೆ.ಆರ್. ನಗರದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಹೇಳುತ್ತೇನೆ. ‘ಇಂಪ್ರೊವೈಸ್’ ಎಂಬ ಪದ ಬಂದಾಗಲೆಲ್ಲ ಅದನ್ನು ಬೋರ್ಡಿನ ಮೇಲೆ ತುಂಡು ತುಂಡು ಮಾಡಿ ಬರೆಯುವುದು ನನ್ನ ಚಟ. ಲ್ಯಾಟಿನ್ನಿನಲ್ಲಿ ಇಮ್ ಎಂದರೆ ಇಲ್ಲ, ಪ್ರೊ ಎಂದರೆ ಮುಂಚೆ, ವೀಸುಸ್ ಎಂದರೆ ಕಂಡದ್ದು. ಮುಂಚೆ ಕಾಣದೇ ಆ ಗಳಿಗೆಯಲ್ಲೇ ಹುಟ್ಟಿದ್ದು. ಉದಾಹರಣೆಗೆ ನಮ್ಮವ್ವ ಮಲ್ಲಾಜಮ್ಮನನ್ನೇ ಕೊಡುತ್ತಿದ್ದೆ. ನಮ್ಮೂರು ಮಿರ್ಲೆಯಲ್ಲಿ ಯಾರು ಸತ್ತರೂ ಹೆಣದ ತಲೆಯ ಹತ್ತಿರ ಕೂತು, ಹೆಸರು ಹಿಡಿದು ಕರೆದು, ಅವರ ಬಾಳನ್ನೆಲ್ಲ ಹಾಡಿ ಅಳುವವಳು ಅವಳು. ಒಂದು ಸಾಲನ್ನೂ ಮೊದಲೇ ಕಟ್ಟಿಕೊಂಡವಳಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದೆ.

ನಮ್ಮಣ್ಣ ಕನಕರಾಜು ಚುಂಚನಕಟ್ಟೆ ರಸ್ತೆಯಲ್ಲಿ ಬೈಕಿನಿಂದ ಬಿದ್ದ. ತಲೆಗೆ ಪೆಟ್ಟು. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ದಿನದಿಂದ ಎಚ್ಚರವಿಲ್ಲ. ಅವ್ವ ಐಸಿಯು ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ, ಒಳಗೂ ಬರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಮಗನ ಮುಖ ನೋಡದ ಇವಳೆಂಥ ತಾಯಿ ಎಂದು ಮೈ ಉರಿದು ಬೈದೇಬಿಟ್ಟೆ.

ಅವಳು ಸೆರಗು ತೆಗೆದಳು. “ಹಾಡು ಆಗ್ಲೇ ಬತ್ತಾ ಅದೆ ಕಣವ್ವ ರಮ್ಯಾ. ತಡೆಯಾಕೆ ಆಯ್ತಿಲ್ಲ.”

ಅವಳು ಯಾವತ್ತೂ ಕೂತಲ್ಲೇ ಹಾಡು ಕಟ್ಟಿದವಳಲ್ಲವಂತೆ. ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಗಂಜಿ ತೆಗೆದುಕೊಂಡು ಹೋಗುತ್ತಿದ್ದಳಲ್ಲ, ಅವರ ಮುಖ ನೋಡುತ್ತಲೇ ಮನಸ್ಸಿನಲ್ಲಿ ಸಾಲು ಜೋಡಿಸುತ್ತಿದ್ದಳಂತೆ. ಹಾಗೆ ಹಾಡು ಪೂರ್ತಿಯಾದವರು ಯಾರೂ ಉಳಿದಿಲ್ಲವಂತೆ. ನನ್ನ ಲ್ಯಾಟಿನ್ನೆಲ್ಲ ಅಲ್ಲಿಗೇ ಮಣ್ಣುಪಾಲಾಯಿತು. ಅಣ್ಣನನ್ನು ಕಣ್ಣಾರೆ ನೋಡಿದರೆ ಅವನ ಹಾಡೂ ಮುಗಿದುಹೋಗುತ್ತದೆ ಎಂದು ಅವ್ವ ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಚ್ಚು ಮಾತು ಅನ್ನಬೇಕಿತ್ತು, ನನಗೂ ಭಯವಾಯಿತು.

ಸಂಜೆ ಡಾಕ್ಟರು ಬಂದು, ತಮ್ಮ ಕೈಯಲ್ಲಿ ಇನ್ನು ಹೆಚ್ಚೇನಿಲ್ಲ, ತಾಯಿ ಅವನ ಕಿವಿಯ ಹತ್ತಿರ ಹೆಸರು ಹಿಡಿದು ಕರೆಯಲಿ, ಕೆಲವರು ಆ ದನಿಗೆ ಎಚ್ಚರಗೊಳ್ಳುತ್ತಾರೆ ಎಂದರು. ಅವ್ವನನ್ನು ಎಳೆದುಕೊಂಡೇ ಹೋದೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅವಳು ಬಗ್ಗಿದಳು.

“ಕನಕರಾಜಾ...”

ಸಾವಿನ ಮನೆಯ ರಾಗದಲ್ಲೇ ಬಂತು. ತುಟಿ ಕಚ್ಚಿಕೊಂಡು ಮತ್ತೆ ಕರೆದಳು. ಮತ್ತೆ ಅದೇ ರಾಗ. ಪಕ್ಕದ ಹಾಸಿಗೆಯ ಹತ್ತಿರ ನಿಂತಿದ್ದ ಹೆಂಗಸು ನಮ್ಮ ಕಡೆ ತಿರುಗಿ ಕೈ ಮುಗಿದಳು.

ಅಣ್ಣನ ರೆಪ್ಪೆ ಅಲುಗಿತು. ನಾನೂ ಕಂಡೆ, ಡಾಕ್ಟರೂ ಕಂಡರು. ನಿಲ್ಲಿಸಬೇಡಿ, ಹಾಗೇ ಮುಂದುವರಿಸಿ ಎಂದರು.

ಅವ್ವ ನನ್ನ ಕೈಯನ್ನು ಮೂಳೆ ನೋಯುವಂತೆ ಹಿಡಿದಳು. “ಮುಂದ್ಲ ಸಾಲು ನಂಗೆ ಗೊತ್ತು ಕಣವ್ವ. ಅದ ಬುಟ್ಟು ಬ್ಯಾರೆ ಏನಾರ ಹೇಳ್ಕೊಡು.”

ಡಾಕ್ಟರು ಕಾಯುತ್ತಿದ್ದರು. ನನಗೆ ಒಂದು ಮಾತೂ ಹೊಳೆಯಲಿಲ್ಲ.